ಶೇಕಡಾ 40 ಇಲ್ಲದಿದ್ದರೆ ಸ್ಕ್ರೈಬ್ ಸಿಗಲ್ವಾ?

ಪ್ರಶ್ನೆ: ಮಗಳು ಚಿಕ್ಕಮಗಳೂರಿನಲ್ಲಿ ಬಿ.ಎ. ಓದುತ್ತಿದ್ದಾಳೆ. ಹತ್ತು ನಿಮಿಷ ಬರೆದರೆ ಬೆರಳು ಸೆಟೆದುಕೊಳ್ಳುತ್ತವೆ. ಅಂಗವೈಕಲ್ಯದ ಸರ್ಟಿಫಿಕೇಟಿನಲ್ಲಿ ಶೇಕಡಾ 35 ಅಂತ ಇದೆ. 40 ಇಲ್ಲ, ಸ್ಕ್ರೈಬ್ (ಪರೀಕ್ಷೆಯಲ್ಲಿ ಹೇಳಿದ್ದನ್ನು ಬರೆದುಕೊಡುವವರು) ಕೊಡೋಕಾಗಲ್ಲ ಅಂತ ಕಾಲೇಜಿನವರು ಹೇಳ್ತಾರೆ. ನಿಜವೇ?

ನಿಜವಲ್ಲ. ಪರೀಕ್ಷೆ ಹತ್ತಿರ ಬಂತೆಂದರೆ ಈ ಪ್ರಶ್ನೆಯೂ ಬಂತು. ಒಮ್ಮೆ ಆಲ್ದೂರಿನಿಂದ, ಒಮ್ಮೆ ಸಕಲೇಶಪುರದಿಂದ. ಊರು ಬದಲಾಗುತ್ತದೆ, ಆ 40 ಬದಲಾಗುವುದಿಲ್ಲ.

ಈ 40 ಬಂದಿದ್ದು ಎಲ್ಲಿಂದ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಿಂದ. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ ಶೇಕಡಾ 5 ಸೀಟು ಮೀಸಲಿಡಬೇಕು, ಆ ಸೀಟಿಗೆ 40 ಬೇಕು. ಅದು ಸೀಟಿನ ಅಳತೆ. ನಮ್ಮವರು ಅದನ್ನೇ ಪರೀಕ್ಷಾ ಕೊಠಡಿಗೂ ತಂದು ಹಿಡಿದರು.

ಈ ಜಗಳ ಸುಪ್ರೀಂ ಕೋರ್ಟಿಗೂ ಹೋಗಿ ಮುಗಿದಿದೆ. ನಿಮ್ಮ ಮಗಳಂತೆಯೇ ಬರೆಯುವಾಗ ಕೈ ಸೆಟೆಯುವ ವಿಕಾಸ್ ಕುಮಾರ್ ಎಂಬವರು ಯುಪಿಎಸ್‌ಸಿ ವಿರುದ್ಧ ಹೋಗಿದ್ದರು. ಸ್ಕ್ರೈಬ್ ಕೊಡಲು 40 ಇರಲೇಬೇಕು ಎನ್ನುವಂತಿಲ್ಲ ಎಂದು 2021ರ ಫೆಬ್ರವರಿಯಲ್ಲಿ ತೀರ್ಪು ಬಂತು. 2022ರಲ್ಲಿ ಕೇಂದ್ರ ಸರ್ಕಾರ 40ಕ್ಕಿಂತ ಕಡಿಮೆ ಇದ್ದು ಬರೆಯಲು ಕಷ್ಟ ಇರುವವರಿಗಾಗಿಯೇ ಮಾರ್ಗಸೂಚಿ ಹೊರಡಿಸಿತು. ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯವೂ ಅದರಲ್ಲಿದೆ. ಮೂರು ಗಂಟೆಯ ಪೇಪರಿಗೆ ಒಂದು ಗಂಟೆ ಜಾಸ್ತಿ. ಇಷ್ಟಾದ ಮೇಲೂ ‘40 ಇದೆಯೇನಮ್ಮಾ?’ ಅಂತ ಕೇಳಿದರೆ ಏನು ಹೇಳೋದು!

ನೀವು ಮಾಡಬೇಕಾದ್ದು ಇಷ್ಟೇ. ‘ಬರೆಯಲು ತೊಂದರೆ ಇದೆ’ ಎಂದು ಸರ್ಕಾರಿ ಆಸ್ಪತ್ರೆಯಿಂದ ಸರ್ಟಿಫಿಕೇಟ್ ಮಾಡಿಸಿ. ಬರೀ ಶೇಕಡಾವಾರು ಇರುವ ಕಾಗದ ಸಾಲದು. ಅರ್ಜಿಯನ್ನು ಪರೀಕ್ಷೆಗೆ ಮೊದಲೇ ಕೊಟ್ಟು, ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಬಾಯಿಮಾತಿಗೆ ‘ನೋಡೋಣ’ ಎಂಬುದೇ ಉತ್ತರ. ಸ್ಕ್ರೈಬ್ ಕೂತರೆ ಉತ್ತರ ಅವರದ್ದೇ ಅಲ್ವಾ ಎಂದು ಕೊಂಕು ತೆಗೆಯುವವರೂ ಇರುತ್ತಾರೆ. ಹೇಳಿದ್ದನ್ನು ಬರೆಯುವುದಷ್ಟೇ ಸ್ಕ್ರೈಬ್ ಕೆಲಸ. ಓದದೆ ಬಂದವರಿಗೆ ಹೇಳುವುದಕ್ಕೇನಿರುತ್ತದೆ?

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಗಾಲಿಕುರ್ಚಿಯ ವಿದ್ಯಾರ್ಥಿ ಸೇರಿದ ಕೂಡಲೇ ‘ಲಿಫ್ಟಿಗೆ ಅನುದಾನ ಇಲ್ಲ’ ಎನ್ನುವ ಕಾಲೇಜುಗಳಿವೆ. ಲಿಫ್ಟ್ ಬರುವಾಗ ಬರಲಿ ಸ್ವಾಮಿ, ಅಲ್ಲಿಯವರೆಗೆ ಆ ಕ್ಲಾಸನ್ನು ಕೆಳಗಿನ ಮಹಡಿಗೆ ತನ್ನಿ. ಟೈಮ್‌ಟೇಬಲ್‌ನಲ್ಲಿ ರೂಮ್ ನಂಬರ್ ತಿದ್ದಲು ಯಾವ ಅನುದಾನ ಬೇಕು?