ಹಡಗಿನ ತಾರೀಖಿನ ಪಕ್ಕದಲ್ಲಿ ಒಂದು ‘ಇ’ ಇದೆ

ನನ್ನ ಮೇಜಿನ ಮೇಲೆ ವರ್ಷಕ್ಕೆ ನಾಲ್ಕೈದು ಬಾರಿಯಾದರೂ ಒಂದೇ ಬಗೆಯ ಹಾಳೆ ಬಂದು ಬೀಳುತ್ತದೆ. ಕಂಪ್ಯೂಟರಿನಲ್ಲಿ ಗೆರೆ ಹೊಡೆದು, ಚೌಕ ಚೌಕಕ್ಕೂ ಬಣ್ಣ ತುಂಬಿ ತಂದಿರುತ್ತಾರೆ. ಮೊದಲ ದಿನ ಬಳ್ಳಾರಿಯಿಂದ ಮುಂಬೈ. ಅಲ್ಲಿಂದ ಜೀಪು ಕಂಟೇನರಿನಲ್ಲಿ ದುಬೈಗೆ. ಹದಿನಾಲ್ಕನೆಯ ದಿನದ ಚೌಕದಲ್ಲಿ ‘ಶಾರ್ಜಾ–ಬಂದರ್ ಅಬ್ಬಾಸ್ ಫೆರ್ರಿ, ರಾತ್ರಿ 9’. ಹದಿನೈದನೆಯ ದಿನ ಶಿರಾಜ್‌ನಲ್ಲಿ ಹೋಟೆಲು. ಮುಂಗಡ ಕಟ್ಟಿಯಾಗಿದೆ, ರದ್ದಾದರೆ ಹಣ ವಾಪಸಿಲ್ಲ. ಅರವತ್ತೆಂಟನೆಯ ದಿನ ಲಂಡನ್. ಹಾಳೆ ಕೊಟ್ಟವರು ಕುರ್ಚಿಯ ತುದಿಗೆ ಕುಳಿತು ಕೇಳುವ ಮೊದಲ ಪ್ರಶ್ನೆಯೂ ಒಂದೇ: “ಹಡಗಿಗೆ ಎಷ್ಟು ಗಂಟೆ ಮೊದಲು ಹೋಗಿರಬೇಕು ಸರ್?”

ನಾನು ಹಡಗಿನ ಕಾಗದಪತ್ರ ಕಲಿತದ್ದು ಅದಿರಿನಿಂದ. ಗಣಿ ಜೋರಾಗಿದ್ದ ಕಾಲದಲ್ಲಿ ಬಿಲ್ ಆಫ್ ಲೇಡಿಂಗ್, ಶಿಪ್ಪಿಂಗ್ ಬಿಲ್ ಎಂದು ಹಗಲು ರಾತ್ರಿ ಬರೆದವನು. 2010ರಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಲ್ಲಿಸಿತು, ಮರುವರ್ಷ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಕೈಯಲ್ಲಿದ್ದ ವಿದ್ಯೆ ಒಂದೇ ಆದ್ದರಿಂದ, ಸ್ವಂತ ಗಾಡಿಯಲ್ಲಿ ವಿದೇಶ ಸುತ್ತುವವರ ಕಾಗದ ಮಾಡಿಕೊಡುವುದಕ್ಕೆ ಕುಳಿತೆ. ಈ ಊರಿನಲ್ಲಿ ‘ಡೆಮರೇಜ್’ ಎಂಬ ಪದಕ್ಕೆ ಅರ್ಥ ಹೇಳಬೇಕಾಗಿರಲಿಲ್ಲ. ಹಡಗು ಕಾದರೂ ದುಡ್ಡು, ಸರಕು ಕಾದರೂ ದುಡ್ಡು ಎಂಬುದು ವೇ ಬ್ರಿಡ್ಜಿನ ಹುಡುಗನಿಗೂ ಗೊತ್ತಿತ್ತು. ಅಂಥ ಊರಿನವರೇ ತಮ್ಮ ಗಾಡಿ ಸಮುದ್ರಕ್ಕೆ ಇಳಿಯುವಾಗ ಮಾತ್ರ ಎಲ್ಲವನ್ನೂ ಮರೆಯುತ್ತಾರೆ.

ಪಾಸ್‌ಪೋರ್ಟ್, ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಕಾರ್ನೆಟ್ (ಸುಂಕ ಕಟ್ಟದೆ ಗಾಡಿಯನ್ನು ತಾತ್ಕಾಲಿಕವಾಗಿ ಇನ್ನೊಂದು ದೇಶಕ್ಕೆ ಒಯ್ಯಲು ಠೇವಣಿ ಇಟ್ಟು ಪಡೆಯುವ ಪುಸ್ತಕ) ಇವುಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಗಾಡಿ ಅಪ್ಪನ ಹೆಸರಿನಲ್ಲಿದ್ದು ಓಡಿಸುವವನು ಮಗನಾಗಿದ್ದರೆ, ಅಥವಾ ಬ್ಯಾಂಕಿನ ಸಾಲ ತೀರಿಲ್ಲದಿದ್ದರೆ ಮೊದಲೇ ಬಾಯಿ ಬಿಡಿ, ಅಷ್ಟು ಸಾಕು. ನನಗೆ ಹೇಳಬೇಕಾಗಿರುವುದು ಒಂದು ಅಕ್ಷರದ ವಿಷಯ.

ಹಡಗಿನ ಬುಕಿಂಗ್ ಕಾಗದದಲ್ಲಿ ತಾರೀಖಿನ ಪಕ್ಕಕ್ಕೆ ‘ಇಟಿಡಿ’ ಎಂದು ಅಚ್ಚಾಗಿರುತ್ತದೆ. ಡಿ ಎಂದರೆ ಡಿಪಾರ್ಚರ್, ಹೊರಡುವುದು. ಟಿ ಎಂದರೆ ಟೈಮ್. ಇವೆರಡೂ ಎಲ್ಲರ ಕಣ್ಣಿಗೂ ಬೀಳುತ್ತವೆ. ಮೊದಲಿನ ಇ ಎಂದರೆ ಎಸ್ಟಿಮೇಟೆಡ್, ಅಂದಾಜು. ತಲುಪುವ ‘ಇಟಿಎ’ಗೂ ಅದೇ ಇ. ಹಿಂದಿನ ಬಂದರಿನಲ್ಲಿ ಕ್ರೇನ್ ತಡವಾಗಬಹುದು. ಒಳಗೆ ಜಾಗವಿಲ್ಲದೆ ಹಡಗು ಹೊರಗೇ ಲಂಗರು ಹಾಕಬಹುದು. ಮುಂಗಾರಿನಲ್ಲಿ ಅರಬ್ಬೀ ಸಮುದ್ರ ಏಳಬಹುದು. 2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಎಂಬ ಒಂದೇ ಹಡಗು ಸೂಯೆಜ್ ಕಾಲುವೆಗೆ ಅಡ್ಡವಾಗಿ ಸಿಕ್ಕಿಕೊಂಡು ಆರು ದಿನ ದಾರಿ ಕಟ್ಟಿದ್ದು ನೆನಪಿರಬಹುದು. ಆ ಹೊತ್ತಿನಲ್ಲಿ ಸಾಲುಗಟ್ಟಿ ನಿಂತ ಹಡಗುಗಳ ಕಾಗದದಲ್ಲಿಯೂ ಇಟಿಎ ಇತ್ತು. ಮುಂಬೈ ಪಕ್ಕದ ನ್ಹಾವಾ ಶೇವಾದಿಂದ ದುಬೈನ ಜೆಬೆಲ್ ಅಲಿಗೆ ನೀರಿನ ಮೇಲಿನ ದಾರಿ ನಾಲ್ಕೈದು ದಿನದ್ದು, ನಿಜ. ಗಾಡಿಯನ್ನು ಯಾರ್ಡಿಗೆ ಒಪ್ಪಿಸಿ, ಕಸ್ಟಮ್ಸ್ ಮುಗಿಸಿ, ಆ ಕಡೆ ಕೀಲಿ ಕೈಗೆ ಬರುವವರೆಗೆ ಎಷ್ಟು ದಿನವಾಗುತ್ತದೆ ಎಂದು ಕೇಳಿದರೆ ನಾನು ವಾರಗಳಲ್ಲಿ ಉತ್ತರ ಹೇಳುತ್ತೇನೆ. ಅದೂ ಅಂದಾಜು.

ತಪ್ಪು ಹುಟ್ಟುವ ಜಾಗವೂ ನನಗೆ ಗೊತ್ತು. ನಮ್ಮ ಕಡೆಯವರು ಕಂಡಿರುವ ದೊಡ್ಡ ಫೆರ್ರಿ ಎಂದರೆ ಸಿಗಂದೂರಿನ ಲಾಂಚ್. 2025ರ ಜುಲೈನಲ್ಲಿ ಸೇತುವೆ ಆಗುವವರೆಗೆ ಶರಾವತಿ ಹಿನ್ನೀರಿನಲ್ಲಿ ಬಸ್ಸು, ಕಾರು ಸಮೇತ ಅದರ ಮೇಲೇರಿ, ಆ ದಡಕ್ಕೆ ಇಳಿದು ಚೌಡೇಶ್ವರಿಗೆ ಕೈ ಮುಗಿಯುತ್ತಿದ್ದೆವು. ಅದಕ್ಕೂ ಚಿಕ್ಕವರಿದ್ದಾಗ ಆನೆಗೊಂದಿಗೆ ಹರಿಗೋಲಿನಲ್ಲಿ ಬೈಕ್ ದಾಟಿಸಿದ್ದೆವು. ಈ ದಡವೂ ನಮ್ಮದೇ, ಆ ದಡವೂ ನಮ್ಮದೇ. ದೇಶ ದಾಟಿಸುವ ಹಡಗಿನಲ್ಲಿ ಎರಡು ದಡದಲ್ಲೂ ಕಸ್ಟಮ್ಸ್ ಕುಳಿತಿರುತ್ತದೆ. ಈ ಕಡೆ ಕಾರ್ನೆಟ್ ಎಲೆಗೆ ನಿರ್ಗಮನದ ಮುದ್ರೆ ಬೀಳದೆ ಹಡಗು ಹತ್ತಿದರೆ, ದಾಖಲೆಯ ಪ್ರಕಾರ ನಿಮ್ಮ ಗಾಡಿ ಇನ್ನೂ ಹಿಂದಿನ ದೇಶದಲ್ಲೇ ಇದೆ. ಅದರ ಸುಂಕವನ್ನು ನಿಮ್ಮ ಠೇವಣಿಯಿಂದ ಕೇಳಬಹುದು.

ಇನ್ನೊಂದು ಮಾತು. ಹಡಗು ನಿಂತರೂ ವೀಸಾದ ದಿನಗಳು ನಿಲ್ಲುವುದಿಲ್ಲ. ಇರಾನಿನ ಉತ್ತರಕ್ಕಿರುವ ಕ್ಯಾಸ್ಪಿಯನ್ ಸಮುದ್ರದ ಫೆರ್ರಿಗಳು ಮುಖ್ಯವಾಗಿ ರೈಲು ವ್ಯಾಗನ್ನು, ಲಾರಿ ಸಾಗಿಸುವಂಥವು. ಹೊಟ್ಟೆ ತುಂಬಿದ ಮೇಲೆ ಹೊರಡುತ್ತವೆ. ಅದರ ಪೂರ್ವ ದಡದ ತುರ್ಕಮೆನಿಸ್ತಾನ ಕೊಡುವುದು ಐದು ದಿನದಂಥ ತಾರೀಖು ಬರೆದ ಟ್ರಾನ್ಸಿಟ್ ವೀಸಾ, ಅಂದರೆ ದೇಶ ಹಾದುಹೋಗಲು ಮಾತ್ರ. ಬಂದರಿನ ಹೊರಗೆ ಲಂಗರು ಹಾಕಿದ ಹಡಗಿನಲ್ಲಿ ಕುಳಿತು, ದೂರದ ದೀಪ ನೋಡುತ್ತ, ಆ ವೀಸಾ ಮುಗಿದುಹೋದ ಪ್ರಯಾಣಿಕರಿದ್ದಾರೆ. ಅದೇ ಸಮುದ್ರದ ಆ ದಡ, ಅಜರ್‌ಬೈಜಾನ್, 2020ರ ಮಾರ್ಚ್‌ನಲ್ಲಿ ನೆಲ ಹಾಗೂ ಜಲದ ಗಡಿಯನ್ನು ಸಾಮಾನ್ಯ ಪ್ರಯಾಣಿಕರಿಗೆ ಮುಚ್ಚಿ, ಆ ಆದೇಶವನ್ನು ವರ್ಷಗಟ್ಟಲೆ ಮುಂದೂಡುತ್ತಲೇ ಬಂತು. 2018ರ ವಿಡಿಯೊ ನೋಡಿಕೊಂಡು ಆ ದೇಶದ ರಾಜಧಾನಿ ಬಾಕುವಿನ ದಾರಿ ಬರೆದು ತರುವವರು ಇವತ್ತಿಗೂ ಬರುತ್ತಾರೆ. ಇರಾನಿನ ವಿಷಯದಲ್ಲಂತೂ ನಮ್ಮ ವಿದೇಶಾಂಗ ಸಚಿವಾಲಯದ ಸೂಚನೆ ನೋಡದೆ ನಾನು ಫೈಲ್ ತೆರೆಯುವುದೇ ಇಲ್ಲ. ಇಲ್ಲಿ ಬರೆದದ್ದನ್ನೂ ಕೊನೆಯ ಮಾತೆಂದು ಹಿಡಿಯಬೇಡಿ. ಹೊರಡುವ ವಾರ ಮತ್ತೊಮ್ಮೆ ವಿಚಾರಿಸಿ.

ಗಂಗಾವತಿಯ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು, ಭಾವಮೈದುನನ ಜೊತೆ ಹೊರಟವರು, ಈ ಇ ಅಕ್ಷರವನ್ನು ನಾನು ಕೆಂಪು ಪೆನ್ನಿನಲ್ಲಿ ಸುತ್ತಿ ತೋರಿಸಿದರೂ ನಂಬಲಿಲ್ಲ. ಪಂಚಾಂಗ ನೋಡಿ ಹೊರಡುವ ಗಳಿಗೆ ಇಟ್ಟಿದ್ದರು. ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹೊರಟರು. ಯಾರ್ಡಿನಲ್ಲಿ ಡಿಕ್ಕಿ ತೆಗೆಸಿದರೆ ಅವರ ತಾಯಿ ಕಟ್ಟಿಕೊಟ್ಟ ಕಟಕ್ ರೊಟ್ಟಿಯ ಗಂಟು, ಗುರೆಳ್ಳು ಪುಡಿ, ಶೇಂಗಾ ಚಟ್ನಿಯ ಡಬ್ಬಿ. ಪಟ್ಟಿಯಲ್ಲಿ ಬರೆಯದ ಯಾವುದನ್ನೂ ಕಂಟೇನರಿನೊಳಗೆ ಬಿಡುವುದಿಲ್ಲ. ಗಾಲಿಗಳಿಗೆ ಮರದ ಅಡ್ಡಪಟ್ಟಿ ಬಡಿಯುತ್ತಿದ್ದ ಹುಡುಗರು ಸುತ್ತಿಗೆ ಪಕ್ಕಕ್ಕಿಟ್ಟು, ಚಟ್ನಿ ಹಚ್ಚಿಕೊಂಡು ಅಲ್ಲೇ ತಿಂದರು. ಬಳಿಕ ಬ್ಯಾಟರಿಯ ವೈರು ಕಳಚಿ ಟೇಪು ಸುತ್ತಿ ಬಾಗಿಲು ಹಾಕಿದರು. ಛಾವಣಿಯ ಮೇಲಿನ ಡೇರೆಯನ್ನೂ ಬಿಚ್ಚಿಸಬೇಕಾಯಿತು. ಮಾಮೂಲಿ ಕಂಟೇನರಿನ ಬಾಗಿಲಿನ ಎತ್ತರ 2.28 ಮೀಟರ್, ಅದರಲ್ಲಿ ಚೌಕಾಸಿ ನಡೆಯುವುದಿಲ್ಲ. ಇವರಿಬ್ಬರೂ ವಿಮಾನದಲ್ಲಿ ದುಬೈ ತಲುಪಿ ಹನ್ನೊಂದು ದಿನ ಕುಳಿತರು. ಬೆಳಿಗ್ಗೆ ಏಳಕ್ಕೆ ಸಿಂಧನೂರಿನಿಂದ ಭತ್ತದ ಲಾರಿ ಬಂತೇ ಎಂದು ಕೇಳುವ ಧಾಟಿಯಲ್ಲೇ ಫೋನು: “ಬಂತೇನು?” ಶಿರಾಜ್‌ನ ಹೋಟೆಲಿನ ದುಡ್ಡು ಹೋಯಿತು. ನಾನು ಏನೂ ಅನ್ನಲಿಲ್ಲ.

ಯುರೋಪಿನ ಫೆರ್ರಿಗಳ ಮಾತು ಬೇರೆ, ಒಪ್ಪುತ್ತೇನೆ. ಕ್ಯಾಲೆಯಿಂದ ಡೋವರ್‌ಗೆ ಒಂದೂವರೆ ಗಂಟೆ, ದಿನಕ್ಕೆ ಹಲವು ಹಡಗು. ಒಂದು ತಪ್ಪಿದರೆ ಮತ್ತೊಂದು. ಅಲ್ಲಿ ಗಾಡಿಯ ಉದ್ದ, ಎತ್ತರವನ್ನು ಸರಿಯಾಗಿ ಹೇಳಿ, ಟಿಕೆಟ್ಟಿನ ದರ ಅದರ ಮೇಲೆ. ಹಡಗು ಹೊರಟ ಮೇಲೆ ಗಾಡಿ ನಿಲ್ಲಿಸಿದ ಅಂತಸ್ತಿಗೆ ಬಿಡುವುದಿಲ್ಲ, ಆದ್ದರಿಂದ ಬಿಪಿ ಮಾತ್ರೆ ಜೇಬಿನಲ್ಲಿರಲಿ. ಕಳ್ಳರ ಅಲಾರಂ ಬಂದ್ ಮಾಡಿ. ಹಡಗು ಅಲುಗಿದಾಗಲೆಲ್ಲ ಅದು ಕೂಗಿ ಬ್ಯಾಟರಿ ಸತ್ತಿರುತ್ತದೆ.

ಆ ಸಾಹುಕಾರರು ಮೊನ್ನೆ ಮತ್ತೆ ಬಂದಿದ್ದರು, ಈ ಸಲ ಸೋದರಳಿಯನನ್ನು ಕರೆದುಕೊಂಡು. ಹುಡುಗನಿಗೆ ಶ್ರೀಲಂಕಾ ಸುತ್ತಬೇಕಂತೆ. “ನಾಗಪಟ್ಟಣದಿಂದ ಕಂಕೇಶನ್‌ತುರೈಗೆ ಫೆರ್ರಿ ಇದೆಯಲ್ಲ ಸರ್? ಕಾರು ಅದರಲ್ಲೇ ಹಾಕಿಕೊಂಡು ಹೋಗುತ್ತೇವೆ.”

ಅದು 2023ರ ಅಕ್ಟೋಬರ್‌ನಲ್ಲಿ ಆರಂಭವಾದ ಸೇವೆ, ಜನರಿಗೆ ಮಾತ್ರ, ಕಾರು ಹತ್ತುವುದಿಲ್ಲ ಎಂದೆ. ಸಾಹುಕಾರರು ಅಳಿಯನ ಮುಖ ನೋಡಿದರು. ಅವನು ಹಾಳೆ ಮಡಚುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದ.

“ಬೈಕ್ ಆದರೆ?”