ಎಂಬತ್ತು ಚಿಲ್ಲರೆ ಮೀಟರ್

"ಎಂತ ಮೇಡಂ, ನಿಮ್ಮ ಟವರ್ ಎಲ್ಲಿ ಹೋಯ್ತು ಮಾರಾಯ್ರೆ?"

ಮಂಗಳೂರಿನಿಂದ ಫೋನು. ರಾತ್ರಿ ಹತ್ತೂವರೆ. ಇವರು ಬ್ಯಾಂಕ್ ಕೆಲಸದಿಂದ ನಿವೃತ್ತರು. ಮನೆಯವರೆಲ್ಲ ಮಲಗಿದ ಮೇಲೆ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುತ್ತಾರೆ. ಬಜ್ಪೆ ವಿಮಾನ ನಿಲ್ದಾಣ ತಮ್ಮ ಸಿಮ್ಯುಲೇಟರಿನಲ್ಲಿ ನಿಜದ ಹಾಗೇ ಕಾಣಬೇಕು ಅಂತ ಆಸೆ. ಕಂಟ್ರೋಲ್ ಟವರಿನ ಮಾದರಿ ನಾನು ಮಾಡಿಕೊಟ್ಟಿದ್ದೆ, ಅದನ್ನು ಜಾಗಕ್ಕೆ ಇಡುವ ಕೆಲಸ ನಾನೇ ನೋಡಿಕೊಳ್ತೇನೆ ಅಂದಿದ್ದರು. ಇಟ್ಟರು. ಕಾಣಲಿಲ್ಲ. ಫೈಲು ಕೆಟ್ಟಿದೆ ಅಂದುಕೊಂಡು ಮತ್ತೆ ಇಳಿಸಿಕೊಂಡರು. ಸಿಮ್ಯುಲೇಟರನ್ನೇ ತೆಗೆದು ಹೊಸದಾಗಿ ಹಾಕಿದರು. ಮೊಮ್ಮಗನನ್ನು ಕೂರಿಸಿಕೊಂಡು ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ಅಪ್‌ಡೇಟ್ ಮಾಡಿಸಿದರು. ಮೂರು ದಿನ ಇದೇ ಆಯಿತು.

"ಎತ್ತರದ ಕಾಲಂನಲ್ಲಿ ಎಷ್ಟು ಹಾಕಿದ್ರಿ ಸರ್?"

"ಹದಿನೇಳು ಮೀಟರ್."

"ಎಲ್ಲಿ ಸಿಕ್ತು?"

"ನನ್ನ ಮೊಬೈಲಲ್ಲೇ. ಅಲ್ಲಿಗೇ ಹೋಗಿ, ನಿಂತು ನೋಡಿದ್ದು!"

ಬಜ್ಪೆ ಗುಡ್ಡದ ನೆತ್ತಿ ಸವರಿ ಮಾಡಿದ ಟೇಬಲ್‌ಟಾಪ್ ನಿಲ್ದಾಣ. ಸಮುದ್ರ ಮಟ್ಟದಿಂದ 103 ಮೀಟರ್, ಅಂದರೆ 337 ಅಡಿ. ಹದಿನೇಳು ಮೀಟರಿಗೆ ಇಟ್ಟ ಟವರ್ ಗುಡ್ಡದ ಹೊಟ್ಟೆಯೊಳಗೆ ತಣ್ಣಗೆ ನಿಂತಿತ್ತು. ಫೈಲಿಗೂ ಡ್ರೈವರಿಗೂ ಏನೂ ಆಗಿರಲಿಲ್ಲ. ಮೊಮ್ಮಗನ ಭಾನುವಾರ ಹಾಳಾಯಿತು ಅಷ್ಟೆ.

ನಾನು ಮೊದಲು ಸರ್ವೆ ಕೆಲಸದಲ್ಲಿದ್ದವಳು. ಈಗ ಸಿಮ್ಯುಲೇಟರುಗಳಿಗೆ ಕಟ್ಟಡ, ಟವರ್, ಹ್ಯಾಂಗರ್ ಮಾಡಿಕೊಡುತ್ತೇನೆ. ಹವ್ಯಾಸಿಗಳಿಗೂ ಮಾಡುತ್ತೇನೆ, ತರಬೇತಿ ಶಾಲೆಗಳಿಗೂ ಮಾಡುತ್ತೇನೆ. ಮಾದರಿ ಮಾಡುವುದು ಹೇಗೆ, ಟೆಕ್ಸ್ಚರ್ ಹಚ್ಚುವುದು ಹೇಗೆ ಅನ್ನೋದನ್ನ ಇಲ್ಲಿ ಹೇಳುವುದಿಲ್ಲ. ಅಕ್ಷಾಂಶ ರೇಖಾಂಶದ ಪಾಠವನ್ನೂ ಬಿಡುತ್ತೇನೆ. ಅದರಲ್ಲಿ ತಪ್ಪಾದರೆ ತಾನಾಗೇ ಗೊತ್ತಾಗುತ್ತದೆ. ಫ್ಲೈಟ್‌ಗಿಯರ್ ಅನ್ನೋ ಸಿಮ್ಯುಲೇಟರಿನ ಫೈಲಿನಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ ಬರಬೇಕು. ಒಬ್ಬ ಹುಡುಗ ಉಲ್ಟಾ ಬರೆದ. ಎಚ್‌ಎಎಲ್ ನಿಲ್ದಾಣದ ಪಕ್ಕ ಇರಬೇಕಾದ ಅವನ ಹ್ಯಾಂಗರ್ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರಕ್ಕೆ ಹೋಗಿ ಬಿತ್ತು. 77 ಡಿಗ್ರಿ ಉತ್ತರ, 12 ಡಿಗ್ರಿ ಪೂರ್ವ. ನಕ್ಕೆವು, ಐದು ನಿಮಿಷದಲ್ಲಿ ಸರಿ ಮಾಡಿದೆವು.

ಎತ್ತರದ ತಪ್ಪು ಹಾಗಲ್ಲ. ಅದು ಕಣ್ಣಿಗೇ ಬೀಳುವುದಿಲ್ಲ. ನಮ್ಮ ಕರ್ನಾಟಕದಲ್ಲಂತೂ ಅದು ವಸ್ತುವನ್ನು ಯಾವಾಗಲೂ ನೆಲದೊಳಕ್ಕೇ ಎಳೆಯುತ್ತದೆ. ವಾರಕ್ಕೊಬ್ಬರಾದರೂ ನನಗೆ "ಲೋಡ್ ಆಗ್ತಿಲ್ಲ" ಅಂತ ಬರೆಯುತ್ತಾರೆ. ಲೋಡ್ ಆಗಿರುತ್ತದೆ ಸ್ವಾಮಿ. ನಿಮ್ಮ ವಿಮಾನದ ಚಕ್ರದ ಕೆಳಗೇ ಇರುತ್ತದೆ.

ಯಾಕೆ ಹೀಗಾಗುತ್ತೆ? ಗಾರೆ ಕೆಲಸದವರು ನೀರು ತುಂಬಿದ ಪೈಪು ಹಿಡಿದು ಮಟ್ಟ ನೋಡುವುದನ್ನು ನೀವೆಲ್ಲ ನೋಡಿದ್ದೀರಿ. ಪೈಪಿನ ಎರಡು ತುದಿಯಲ್ಲೂ ನೀರು ಎಲ್ಲಿ ನಿಲ್ಲುತ್ತದೋ ಅದು ಮಟ್ಟ. ಸಮುದ್ರ ಮಟ್ಟ ಅಂದರೂ ಅದೇ. ಆ ಪೈಪನ್ನು ಕಾರವಾರದ ಕಡಲಿನಿಂದ ಬೆಂಗಳೂರಿನವರೆಗೆ ಎಳೆದಿದ್ದೇವೆ ಅಂದುಕೊಳ್ಳಿ. ನೀರು ನಿಲ್ಲುವ ಜಾಗವೇ ಸೊನ್ನೆ. ಕಾರವಾರ ಅಂತ ಸುಮ್ನೆ ಹೇಳಿದ್ದಲ್ಲ. 1909ರಲ್ಲಿ ನಮ್ಮ ದೇಶದ ಸಮುದ್ರ ಮಟ್ಟ ಗೊತ್ತು ಮಾಡಿದ್ದು ಒಂಬತ್ತು ಬಂದರುಗಳಲ್ಲಿ ಉಬ್ಬರವಿಳಿತ ಅಳೆದು. ಅದರಲ್ಲಿ ಕಾರವಾರವೂ ಒಂದು. ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡಿನ ಮೇಲೆ ಸಣ್ಣಗೆ ಎಂಎಸ್‌ಎಲ್ ಅಂತ ಒಂದು ಅಂಕಿ ಇರುತ್ತಲ್ವಾ, ಅದು ಈ ನೀರಿನ ಲೆಕ್ಕ.

ಜಿಪಿಎಸ್‌ಗೆ ಈ ನೀರಿನ ಸುದ್ದಿಯೇ ಗೊತ್ತಿಲ್ಲ. ಉಪಗ್ರಹಗಳು ಭೂಮಿಯನ್ನು ಗಣಿತದ ಒಂದು ಆಕಾರವಾಗಿ ನೋಡುತ್ತವೆ. ಮೇಲೆ ಕೆಳಗೆ ಸ್ವಲ್ಪ ಚಪ್ಪಟೆಯಾದ, ನುಣುಪಾದ ಚೆಂಡು. ಜಿಪಿಎಸ್ ಎತ್ತರ ಅಳೆಯುವುದು ಆ ಚೆಂಡಿನ ಮೈಯಿಂದ. ನಿಜವಾದ ಸಮುದ್ರದ ಮೈ ಹಾಗೆ ನುಣುಪಾಗಿಲ್ಲ. ಭೂಮಿಯೊಳಗೆ ತೂಕ ಜಾಸ್ತಿ ಇದ್ದ ಕಡೆ ಉಬ್ಬಿದೆ, ಕಡಿಮೆ ಇದ್ದ ಕಡೆ ತಗ್ಗಿದೆ. ಇಡೀ ಪ್ರಪಂಚದಲ್ಲೇ ಅತಿ ದೊಡ್ಡ ತಗ್ಗು ಎಲ್ಲಿದೆ ಗೊತ್ತಾ? ಶ್ರೀಲಂಕಾದ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ. ಅಲ್ಲಿ ಸಮುದ್ರದ ಮೈ ಗಣಿತದ ಚೆಂಡಿಗಿಂತ ಸುಮಾರು 106 ಮೀಟರ್ ಕೆಳಗಿದೆ. ಯಾಕೆ ಅಂತ ವಿಜ್ಞಾನಿಗಳು ಬಹಳ ಕಾಲದಿಂದ ತಲೆ ಕೆಡಿಸಿಕೊಂಡಿದ್ದರು. 2023ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೇ ಒಂದು ವಿವರಣೆ ಕೊಟ್ಟರು. ಆಫ್ರಿಕಾದ ಕೆಳಗಿನ ಆಳದಿಂದ ಎದ್ದ ಬಿಸಿ, ಹಗುರ ಪದಾರ್ಥ ಇದಕ್ಕೆ ಕಾರಣ ಅಂತ.

ಆ ತಗ್ಗಿನ ಅಂಚು ದಕ್ಷಿಣ ಭಾರತವನ್ನೂ ಎಳೆದುಕೊಂಡಿದೆ. ಬೆಂಗಳೂರಿನಲ್ಲಿ ವ್ಯತ್ಯಾಸ ಸುಮಾರು 86 ಮೀಟರ್. ಅದೇ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅಂತರರಾಷ್ಟ್ರೀಯ ಜಾಲಕ್ಕೆ ಸೇರಿದ ಜಿಪಿಎಸ್ ಕೇಂದ್ರ ಒಂದಿದೆ. ಅದರ ಜಿಪಿಎಸ್ ಎತ್ತರ ಸುಮಾರು 844 ಮೀಟರ್. ಸಮುದ್ರ ಮಟ್ಟದಿಂದ ಅಳೆದರೆ ಆ ಜಾಗ ಹೆಚ್ಚುಕಡಿಮೆ 930 ಮೀಟರ್. ಎರಡೂ ಸರಿ. ಯಾವುದರಿಂದ ಅಳೆದಿರಿ ಅನ್ನೋದಷ್ಟೇ ಬೇರೆ.

ಇದನ್ನು ನಾನು ಫೋನಿನಲ್ಲಿ ಹೇಳಿದಾಗ ಎಲ್ಲರೂ "ಹಾಂ ಹಾಂ, ಗೊತ್ತಾಯ್ತು" ಅನ್ನುತ್ತಾರೆ. ಮುಂದಿನ ವಾರ ಮತ್ತೆ ಅದೇ. ಅದಕ್ಕೇ ಇನ್ನೊಮ್ಮೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸಿಮ್ಯುಲೇಟರ್ ಕೇಳುವುದು ಸಮುದ್ರ ಮಟ್ಟದಿಂದ ಎಷ್ಟು ಅಂತ. ನಿಮ್ಮ ಉಪಕರಣ ಹೇಳುತ್ತಿರುವುದು ಗಣಿತದ ಚೆಂಡಿನಿಂದ ಎಷ್ಟು ಅಂತ ಇರಬಹುದು. ನಮ್ಮ ಊರಿನಲ್ಲಿ ಎರಡನೆಯದು ಮೊದಲನೆಯದಕ್ಕಿಂತ ಎಂಬತ್ತು ಚಿಲ್ಲರೆ ಮೀಟರ್ ಕಮ್ಮಿ. ಅದನ್ನು ಹಾಗೇ ತುಂಬಿದರೆ ಕಟ್ಟಡ ಅಷ್ಟು ಕೆಳಗೆ ಹೋಗುತ್ತದೆ. ಇಪ್ಪತ್ತೈದು ಮಹಡಿಯಷ್ಟು ಕೆಳಗೆ.

ಜನ ನೋಡಿ ಕಲಿಯುವ ವಿಡಿಯೋಗಳು ಹೆಚ್ಚಾಗಿ ಯುರೋಪಿನವು. ಅಲ್ಲಿ ಲೆಕ್ಕ ಉಲ್ಟಾ. ಜರ್ಮನಿಯಲ್ಲಿ ಸಮುದ್ರ ಮಟ್ಟವೇ ಚೆಂಡಿಗಿಂತ ನಲವತ್ತು ಮೀಟರ್ ಆಸುಪಾಸು ಮೇಲಿದೆ. ಇದೇ ತಪ್ಪನ್ನು ಅಲ್ಲಿಯವರು ಮಾಡಿದರೆ ಕಟ್ಟಡ ಗಾಳಿಯಲ್ಲಿ ತೇಲುತ್ತದೆ, ತಕ್ಷಣ ಕಾಣುತ್ತದೆ, ಸರಿ ಮಾಡುತ್ತಾರೆ. ಆ ವಿಡಿಯೋದಲ್ಲಿ "ತೇಲಿದರೆ ಸ್ವಲ್ಪ ಇಳಿಸಿ" ಅಂತ ಹೇಳಿರುತ್ತಾರೆ. ನಮ್ಮವರು ಅದನ್ನು ನೋಡಿ, ಕಾಣದೇ ಇರುವುದನ್ನು ಇನ್ನೂ ಇಳಿಸುತ್ತಾರೆ!

ಮೊಬೈಲ್ ಬಗ್ಗೆಯೂ ಒಂದು ಮಾತು. ಆಂಡ್ರಾಯ್ಡ್ ಫೋನು ಆಪ್‌ಗಳಿಗೆ ಬಹಳ ವರ್ಷದಿಂದ ಕೊಡುತ್ತಿದ್ದದ್ದು ಚೆಂಡಿನಿಂದ ಅಳೆದ ಎತ್ತರ. ಐಫೋನು ಕೊಡುವುದು ಸಮುದ್ರ ಮಟ್ಟದ್ದು. ಕೆಲವು ಆಪ್‌ಗಳು ತಾವೇ ಲೆಕ್ಕ ಸರಿಪಡಿಸುತ್ತವೆ, ಕೆಲವು ಸುಮ್ಮನಿರುತ್ತವೆ. ಹಾಗಾಗಿ ಅಕ್ಕಪಕ್ಕ ನಿಂತ ಗಂಡ ಹೆಂಡತಿಯ ಫೋನುಗಳು ಬೇರೆ ಬೇರೆ ಎತ್ತರ ತೋರಿಸಬಹುದು. ಜಗಳ ಆಡಬೇಡಿ. ರೈಲ್ವೆ ಸ್ಟೇಷನ್ನಿನ ಬೋರ್ಡ್ ಕೆಳಗೆ ನಿಂತು ಎರಡನ್ನೂ ನೋಡಿ, ಯಾವ ಫೋನು ಯಾವ ಭಾಷೆ ಮಾತಾಡುತ್ತಿದೆ ಅಂತ ಗೊತ್ತಾಗುತ್ತದೆ.

ಮೊಬೈಲ್ ಹಿಡಿದವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬರುವುದು ಡ್ರೋನ್ ಹಿಡಿದವರ ಮೇಲೆ. ಒಂದು ತರಬೇತಿ ಸಂಸ್ಥೆ ದುಡ್ಡು ಕೊಟ್ಟು ತಮ್ಮ ಇಡೀ ಏರ್‌ಸ್ಟ್ರಿಪ್ಪಿನ ಡ್ರೋನ್ ಸರ್ವೆ ಮಾಡಿಸಿತು. ದಪ್ಪ ರಿಪೋರ್ಟು. ಮೊದಲ ಪುಟದಲ್ಲೇ "ನಿಖರತೆ: 3 ಸೆಂಟಿಮೀಟರ್". ಪ್ರತಿ ಮೂಲೆಯ ಅಕ್ಷಾಂಶಕ್ಕೂ ದಶಮಾಂಶದ ನಂತರ 14 ಅಂಕಿ. ಆರು ಅಂಕಿ ಅಂದರೇ ಸುಮಾರು 11 ಸೆಂಟಿಮೀಟರ್. 14 ಅಂಕಿ ಅಂದರೆ ನ್ಯಾನೋಮೀಟರ್, ಅಲ್ಲಿ ಇರುವೆಯ ಮೀಸೆ ಕೂಡ ದೊಡ್ಡ ಬೆಟ್ಟ. ಇಷ್ಟೆಲ್ಲ ಬರೆದವರು ಎತ್ತರ ಯಾವುದರಿಂದ ಅಂತ ಒಂದು ಸಾಲು ಬರೆದಿರಲಿಲ್ಲ. 3 ಸೆಂಟಿಮೀಟರ್ ನಿಖರತೆಯಲ್ಲಿ ಎಲ್ಲ ಕಟ್ಟಡಗಳೂ 86 ಮೀಟರ್ ಕೆಳಗೆ ಹೋದವು.

ಅವರ ಹುಡುಗರು ಜಾಣರು, ಎಲ್ಲದಕ್ಕೂ 86 ಕೂಡಿಸಿ ಸರಿ ಮಾಡಿಕೊಂಡರು. ಒಳ್ಳೇದೇ. ಆಮೇಲೆ ಕಲಬುರಗಿ ಕಡೆಯ ಇನ್ನೊಂದು ಕೆಲಸಕ್ಕೂ ಅದೇ 86 ಕೂಡಿಸಿದರು. ಉತ್ತರಕ್ಕೆ ಹೋದಂತೆ ಆ ತಗ್ಗು ಕಡಿಮೆಯಾಗುತ್ತದೆ. ಎಲ್ಲ ಕಟ್ಟಡಗಳೂ ಎರಡು ಮೂರು ಮಹಡಿ ಎತ್ತರದಲ್ಲಿ ತೇಲಾಡಿದವು. ಈ ಅಂಕಿ ಊರಿಂದ ಊರಿಗೆ ಬದಲಾಗುತ್ತದೆ. ನಾನಿಲ್ಲಿ ಹೇಳಿದ್ದೆಲ್ಲ ಅಂದಾಜು. ನಿಮ್ಮ ಜಾಗದ್ದು ಬೇಕಾದರೆ ಜಿಯಾಯ್ಡ್ (ಈ ಉಬ್ಬುತಗ್ಗಿನ ಸಮುದ್ರ ಮಟ್ಟಕ್ಕೆ ಇರುವ ಹೆಸರು) ಲೆಕ್ಕ ಹಾಕುವ ತಂತ್ರಾಂಶದಲ್ಲಿ ನೋಡಿ ತೆಗೆಯಬೇಕು.

ಇಷ್ಟೆಲ್ಲ ಸರಿ ಮಾಡಿಕೊಂಡರೂ ಇನ್ನೊಂದು ಸಿಕ್ಕು ಇದೆ. ಸಿಮ್ಯುಲೇಟರಿನ ನೆಲ ನಿಜವಾದ ನೆಲ ಅಲ್ಲ. ಹಲವು ಸಿಮ್ಯುಲೇಟರುಗಳ ನೆಲ ಬಂದಿರುವುದು 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಹಿಡಿದು ಅಳೆದ ಲೆಕ್ಕದಿಂದ. ಆಗ ದೇವನಹಳ್ಳಿಯ ವಿಮಾನ ನಿಲ್ದಾಣ ಇರಲಿಲ್ಲ, ಅದು ಶುರುವಾಗಿದ್ದು 2008ರಲ್ಲಿ. ಬಜ್ಪೆಯ ಈಗಿನ ಉದ್ದದ ರನ್‌ವೇ ಇರಲಿಲ್ಲ. 2023ರಲ್ಲಿ ಶುರುವಾದ ಶಿವಮೊಗ್ಗದ್ದಂತೂ ಯಾರ ಕನಸಲ್ಲೂ ಇರಲಿಲ್ಲ. ಕತ್ತರಿಸಿದ ಗುಡ್ಡ, ತುಂಬಿಸಿದ ಹಳ್ಳ, ಇದು ಯಾವುದೂ ಆ ಲೆಕ್ಕದಲ್ಲಿಲ್ಲ. ಮರದ ತುದಿಯನ್ನೇ ನೆಲ ಅಂದುಕೊಂಡ ಜಾಗಗಳೂ ಇವೆ. ನಿಮ್ಮ 103 ನೂರಕ್ಕೆ ನೂರು ಸರಿ ಇದ್ದರೂ, ಸಿಮ್ಯುಲೇಟರಿನ ನೆಲ ಅಲ್ಲಿ 98 ಇರಬಹುದು, 107 ಇರಬಹುದು.

ಹಾಗಾದರೆ ಏನು ಮಾಡೋದು? ಎತ್ತರದ ಅಂಕಿ ಹಾಕಲೇಬೇಡಿ ಅಂತೀನಿ ನಾನು. "ನೆಲದ ಮೇಲೆ ಕೂರು" ಅಂತ ಹೇಳಿ ಬಿಟ್ಟುಬಿಡಿ. ಎಕ್ಸ್-ಪ್ಲೇನ್‌ನಲ್ಲಿ ನೀವು ಬೇರೆ ಏನೂ ಹೇಳದಿದ್ದರೆ ವಸ್ತು ನೆಲದ ಮೇಲೇ ಕೂರುತ್ತದೆ. ಮೈಕ್ರೋಸಾಫ್ಟ್ ಸಿಮ್ಯುಲೇಟರಿನ ಎಡಿಟರಿನಲ್ಲಿ ನೆಲಕ್ಕೆ ಅಂಟಿಸುವ ಆಯ್ಕೆ ಇದೆ. ಫ್ಲೈಟ್‌ಗಿಯರ್‌ನಲ್ಲಿ ಮಾಮೂಲಿ ಸಾಲಿಗೆ ಸಮುದ್ರ ಮಟ್ಟದ ಎತ್ತರವೇ ಬೇಕು, ಆದರೆ ಆ ಸಿಮ್ಯುಲೇಟರಿನದೇ ನೆಲದ ಎತ್ತರ ಕೇಳಿ ಹಾಕಿ, ಮೊಬೈಲಿನದ್ದಲ್ಲ. ದಿಕ್ಕಿನ ಅಂಕಿಯೂ ಅಲ್ಲಿ ಗಡಿಯಾರದ ಉಲ್ಟಾ ಸುತ್ತುತ್ತದೆ, ಅದೊಂದು ಬೇರೆಯೇ ತಲೆನೋವು.

ನೆಲ ಇಳಿಜಾರಾಗಿದ್ದರೆ ಕಟ್ಟಡದ ಒಂದು ಮೂಲೆ ತೇಲುತ್ತದೆ. ಅದಕ್ಕೆ ಎತ್ತರ ತಿದ್ದಬೇಡಿ, ಮಾದರಿಗೆ ಪಾಯ ಹಾಕಿ. ಮನೆ ಕಟ್ಟುವಾಗ ಹಾಕುತ್ತೀರಲ್ಲ, ಹಾಗೇ. ಗೋಡೆಗಳನ್ನು ಎರಡು ಮೂರು ಮೀಟರ್ ನೆಲದೊಳಕ್ಕೆ ಇಳಿಸಿ ಮಾಡಿದರೆ ಯಾವ ಇಳಿಜಾರಿನಲ್ಲೂ ಸಂದಿ ಕಾಣುವುದಿಲ್ಲ. ಜಾಗ ಗುರುತಿಸುವಾಗ ಉಪಗ್ರಹ ಚಿತ್ರದಲ್ಲಿ ಟವರಿನ ತಲೆ ನೋಡಬೇಡಿ, ಬುಡ ನೋಡಿ. ಚಿತ್ರ ಓರೆಯಿಂದ ತೆಗೆದಿರುತ್ತಾರೆ. 50 ಮೀಟರ್ ಎತ್ತರದ ಟವರನ್ನು 20 ಡಿಗ್ರಿ ಓರೆಯಿಂದ ತೆಗೆದರೆ ಅದರ ತಲೆ ಬುಡದಿಂದ 18 ಮೀಟರ್ ಆಚೆ ಕಾಣುತ್ತದೆ.

ಒಂದು ಎಚ್ಚರಿಕೆ ಹೇಳಲೇಬೇಕು. ಇದೆಲ್ಲ ಸಿಮ್ಯುಲೇಟರಿನ ಮಾತು. ವಿಮಾನ ನಿಲ್ದಾಣದ ಹತ್ತಿರ ನಿಜವಾದ ಮನೆ ಕಟ್ಟುವವರು ಎತ್ತರದ ಅನುಮತಿಗೆ ನನ್ನ ಅಂಕಣ ಹಿಡಿದುಕೊಂಡು ಹೋಗಬೇಡಿ. ಅದಕ್ಕೆ ಬೆಂಚ್‌ಮಾರ್ಕಿನಿಂದ, ಅಂದರೆ ಎತ್ತರ ಮೊದಲೇ ಗೊತ್ತು ಮಾಡಿಟ್ಟ ಗುರುತಿನಿಂದ, ಸರಿಯಾಗಿ ಅಳೆದುಕೊಡುವ ಸರ್ವೆಯರ್ ಬೇಕು.

ಮಂಗಳೂರಿನ ಯಜಮಾನರು ಆವತ್ತು ರಾತ್ರಿ ಫೋನಿನಲ್ಲೇ ಎತ್ತರದ ಅಂಕಿ ತೆಗೆದು ನೆಲಕ್ಕೆ ಕೂರಿಸಿದರು. ಟವರ್ ಬಂತು. "ಅಯ್ಯೋ, ಬಂತು ಮಾರಾಯ್ರೆ!" ಅಂತ ಕೂಗಿದ್ದಕ್ಕೆ ಒಳಗಿಂದ ಹೆಂಡತಿ ಎದ್ದು ಬಂದು ಬೈದದ್ದೂ ನನಗೆ ಕೇಳಿಸಿತು. ಆದರೂ ಅವರಿಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ಬ್ಯಾಂಕಿನವರು, ಲೆಕ್ಕ ತಾಳೆ ಆಗಬೇಕು. ಭಾನುವಾರ ಸಂಜೆ ಪಣಂಬೂರು ಬೀಚಿನಿಂದ ಒಂದು ಫೋಟೋ ಬಂತು. ಮೊಬೈಲಿನ ಪರದೆಯಲ್ಲಿ ಎತ್ತರ ಮೈನಸ್ 83 ಮೀಟರ್, ಹಿಂದೆ ಮಬ್ಬಾಗಿ ಚರುಮುರಿ ಗಾಡಿ. ಕೆಳಗೆ ಬರೆದಿದ್ದರು: "ಮೇಡಂ, ನಾನು ಮುಳುಗಿದ್ದೇನೆ. ಕಾಲು ಮಾತ್ರ ಒದ್ದೆ ಆಗಿಲ್ಲ."