ಸಂರಕ್ಷಣಾ ಸಂತಾನವೃದ್ಧಿ: ಹತ್ತು ತಾಯಿ ಕ್ಯಾರಿಬೂಗಳ ಲೆಕ್ಕ

ಮೃಗಾಲಯದಲ್ಲಿ ಸಾರಂಗ ಮರಿ ಹಾಕಿದರೆ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಅದು ಸಂತಾನವೃದ್ಧಿ ನಿಜ, ಆದರೆ ಸಂರಕ್ಷಣಾ ಸಂತಾನವೃದ್ಧಿ ಎನ್ನುವುದಕ್ಕೆ ಅಷ್ಟು ಸಾಲದು. ಹುಟ್ಟಿದ ಮರಿ ಬೇಲಿ ದಾಟಿ ಕಾಡು ಸೇರಬೇಕು, ಚಳಿಗಾಲ ಕಳೆಯಬೇಕು, ಅಲ್ಲೇ ತಾನೂ ಮರಿ ಹಾಕಬೇಕು. ಹಿಂಡು ತನ್ನ ಕಾಲ ಮೇಲೆ ನಿಂತ ದಿನ ಕೇಂದ್ರದ ಬಾಗಿಲು ಮುಚ್ಚಬೇಕು. ಮುಚ್ಚುವ ದಿನದ ಲೆಕ್ಕವಿಲ್ಲದೆ ತೆರೆದ ಕೇಂದ್ರಕ್ಕೆ ಈ ಹೆಸರು ಒಪ್ಪುವುದಿಲ್ಲ.

ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಜಾಸ್ಪರ್ ರಾಷ್ಟ್ರೀಯ ಉದ್ಯಾನ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ಕ್ಯಾರಿಬೂ, ಯುರೋಪಿನ ಹಿಮಸಾರಂಗ ಎರಡೂ ಒಂದೇ ಪ್ರಭೇದ. ಅಲ್ಲಿ ಸಂತಾನವೃದ್ಧಿ ಕೇಂದ್ರದ ಯೋಜನೆ ರೂಪಿಸುವ ಹೊತ್ತಿಗೆ ಉದ್ಯಾನದ ಟಾಂಕ್ವಿನ್ ಹಿಂಡಿನಲ್ಲಿ ಉಳಿದದ್ದು ಸುಮಾರು 50, ಅದರಲ್ಲಿ ಮರಿ ಹಾಕುವ ಹೆಣ್ಣು ಹತ್ತರ ಆಸುಪಾಸು. ಬ್ರಾಜೋ ಹಿಂಡಿನಲ್ಲಿ 15ಕ್ಕಿಂತ ಕಡಿಮೆ. ಮಲೀನ್ ಹಿಂಡು ಅಳಿದಿದೆ ಎಂದು 2020ರಲ್ಲಿ ಘೋಷಿಸಲಾಯಿತು. ಸಂಖ್ಯೆ ಇಷ್ಟಕ್ಕಿಳಿದರೆ ಏನಾಗುತ್ತದೆಂದು ಪಕ್ಕದ ಬ್ಯಾನ್ಫ್ ಉದ್ಯಾನ ಮೊದಲೇ ತೋರಿಸಿತ್ತು: ಅಲ್ಲಿ ಉಳಿದಿದ್ದ ಐದೂ ಕ್ಯಾರಿಬೂಗಳು 2009ರಲ್ಲಿ ಒಂದೇ ಹಿಮಕುಸಿತಕ್ಕೆ ಸಿಕ್ಕಿ ಸತ್ತವು.

ಹತ್ತು ತಾಯಂದಿರ ಲೆಕ್ಕವನ್ನು ಒಮ್ಮೆ ಕೈಯಲ್ಲೇ ಮಾಡಿ ನೋಡಿ. ಕ್ಯಾರಿಬೂ ವರ್ಷಕ್ಕೆ ಹಾಕುವುದು ಒಂದೇ ಮರಿ. ಹತ್ತೂ ಹೆಣ್ಣು ಗಬ್ಬವಾದರೆ ಹತ್ತು ಮರಿ, ಅರ್ಧ ಹೆಣ್ಣೆಂದರೆ ಐದು. ಮೊದಲ ವರ್ಷದಲ್ಲೇ ಅರ್ಧ ಸತ್ತರೆ ಉಳಿಯುವುದು ಎರಡೋ ಮೂರೋ. ಅವು ತಾಯಾಗುವುದು ಸಾಮಾನ್ಯವಾಗಿ ಮೂರನೆಯ ವಯಸ್ಸಿಗೆ. ಅಷ್ಟರಲ್ಲಿ ವರ್ಷಕ್ಕೆ ಎರಡೋ ಮೂರೋ ದೊಡ್ಡ ಹೆಣ್ಣು ತೋಳಕ್ಕೋ ಕರಡಿಗೋ ಹಿಮಕ್ಕೋ ಹೋದರೆ ಲಾಭ ಕರಗಿತು. ಹಿಂಡು ಸಾಯುತ್ತಿಲ್ಲ, ಬೆಳೆಯುತ್ತಲೂ ಇಲ್ಲ. ಈ ಸ್ಥಿತಿಗೆ ಬಂದ ಹಿಂಡಿಗೆ ಕಾವಲು ಹಾಕಿ ಕಾದರೆ ಸಾಲದು, ಹೊರಗಿನಿಂದ ಹೆಣ್ಣುಗಳನ್ನು ತುಂಬಬೇಕು.

ಹಕ್ಕಿಗಳಲ್ಲಿ ಇದು ಸ್ವಲ್ಪ ಸುಲಭ. ಬಳ್ಳಾರಿಯ ಸಿರುಗುಪ್ಪದ ಬಯಲಲ್ಲೂ ಕಂಡಿರುವ ಎರ್ಲಡ್ಡು ಹಕ್ಕಿಗೆ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್‌ಗೆ, ರಾಜಸ್ಥಾನದಲ್ಲಿ 2019ರಿಂದ ಇದೇ ಕೆಲಸ ನಡೆದಿದೆ. ಅಲ್ಲಿ ಗೂಡಿನಿಂದ ಮೊಟ್ಟೆ ತಂದು ಯಂತ್ರದಲ್ಲಿ ಕಾವು ಕೊಡಬಹುದು, ತಾಯಿ ಹಕ್ಕಿ ಮತ್ತೆ ಮೊಟ್ಟೆ ಇಡುವ ಸಾಧ್ಯತೆಯೂ ಇದೆ. ಕ್ಯಾರಿಬೂಗೆ ಈ ಅಡ್ಡದಾರಿ ಇಲ್ಲ, ತಾಯಿಯನ್ನೇ ಹಿಡಿದು ತರಬೇಕು. ಕೇಂದ್ರ ಸೋತರೆ ಕಾಡಿನ ಹಿಂಡೂ ಸೋತಂತೆ.

ಹಿಡಿಯುವುದು ಚಳಿಗಾಲದಲ್ಲಿ, ಹೆಲಿಕಾಪ್ಟರಿನಿಂದ ಬಲೆ ಹಾರಿಸಿ. ಬೆನ್ನಟ್ಟುವ ಹೊತ್ತು ನಿಮಿಷಗಳಲ್ಲಿ ಮುಗಿಯಬೇಕು. ಹೆಚ್ಚು ಓಡಿಸಿದರೆ ಮೈ ಕಾದು ಸ್ನಾಯುಗಳೇ ಒಡೆಯತೊಡಗುತ್ತವೆ. ಆ ಹೊತ್ತಿಗೆ ಎದ್ದು ನಿಂತ ಪ್ರಾಣಿಯೂ ಕೆಲವು ದಿನಗಳ ಮೇಲೆ ಸಾಯಬಹುದು. ಬಲೆ ಬಿದ್ದ ಕೂಡಲೇ ಕಣ್ಣಿಗೆ ಬಟ್ಟೆ, ಕಾಲಿಗೆ ಕಟ್ಟು, ರಕ್ತದ ಮಾದರಿ, ಮೈಬಿಸಿಯ ಅಳತೆ.

ಮುಂದಿನ ತೊಡಕು ಹೊಟ್ಟೆಯದು. ಚಳಿಗಾಲದಲ್ಲಿ ಕ್ಯಾರಿಬೂ ಬದುಕುವುದು ಹೆಚ್ಚಾಗಿ ಕಲ್ಲುಹೂವಿನ ಮೇಲೆ, ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವಿನ ದೂರದ ನೆಂಟ. ಅದರ ಜಠರದ ಸೂಕ್ಷ್ಮಜೀವಿಗಳು ಅದಕ್ಕೇ ಒಗ್ಗಿರುತ್ತವೆ. ಬಂದ ದಿನವೇ ಹಿಂಡಿ ಸುರಿದರೆ ಜಠರದಲ್ಲಿ ಆಮ್ಲ ಏರಿ ಪ್ರಾಣಿ ಮಲಗುತ್ತದೆ. ಹಾಗಾಗಿ ಮೊದಲು ಕಲ್ಲುಹೂವು ಹೆಚ್ಚು, ಹಿಂಡಿ ಚಿಟಿಕೆ. ವಾರಗಳು ಕಳೆದಂತೆ ಅಳತೆ ತಿರುಗುಮುರುಗು. ಗೋದಲಿಯಲ್ಲೂ ಒಂದು ಸೂಕ್ಷ್ಮವಿದೆ. ಕ್ಯಾರಿಬೂಗಳಲ್ಲಿ ಹೆಣ್ಣಿಗೂ ಕೊಂಬು ಬರುತ್ತದೆ, ಗಬ್ಬದ ಹೆಣ್ಣು ಅದನ್ನು ಈಯುವವರೆಗೂ ಉಳಿಸಿಕೊಳ್ಳುತ್ತದೆ. ಒಂದೇ ಗೋದಲಿ ಇಟ್ಟರೆ ಜೋರಿನವಳು ಉಳಿದವರನ್ನು ತಿವಿದು ಓಡಿಸುತ್ತಾಳೆ. ದೂರ ದೂರಕ್ಕೆ ಹಲವು ಗೋದಲಿ ಇಡಬೇಕು.

ಜಾಸ್ಪರ್ ಕೇಂದ್ರದ ವಿಸ್ತಾರ ಸುಮಾರು 65 ಹೆಕ್ಟೇರ್, ಅಂದರೆ 160 ಎಕರೆ. ಗರಿಷ್ಠ 40 ಹೆಣ್ಣು, ಐದು ಗಂಡುಗಳಿಗೆ ಜಾಗ. ಮೊದಲ ಕ್ಯಾರಿಬೂಗಳು ಒಳಬಂದದ್ದು 2025ರಲ್ಲಿ. ಗಂಡು ಇಷ್ಟು ಕಡಿಮೆ ಇರುವಾಗ ಯಾವ ಮರಿಗೆ ಯಾರು ಅಪ್ಪ ಎಂಬ ವಂಶಾವಳಿ ಪುಸ್ತಕ ಬೇಕೇ ಬೇಕು. ಇಲ್ಲದಿದ್ದರೆ ನಾಲ್ಕೈದು ವರ್ಷಕ್ಕೆ ಅಣ್ಣತಂಗಿಯರ ಹಿಂಡಾಗುತ್ತದೆ. ಅಕ್ಟೋಬರಿನ ಬೆದೆಗಾಲದಲ್ಲಿ ಗಂಡುಗಳನ್ನು ಬೇರೆ ಬೇರೆ ಆವರಣದಲ್ಲಿಡಬೇಕು. ಒಂದೇ ನೆಲದಲ್ಲಿ ವರ್ಷಗಟ್ಟಲೆ ಮೇದರೆ ಸಗಣಿಯಿಂದ ಜಂತುಹುಳು ಹೆಚ್ಚುತ್ತದೆ, ಹಾಗಾಗಿ ಆವರಣ ಬದಲಾಯಿಸುತ್ತಿರಬೇಕು. ಮನುಷ್ಯರ ಓಡಾಟವಂತೂ ಕಡಿಮೆಯಿದ್ದಷ್ಟೂ ಒಳ್ಳೆಯದು.

ಮರಿಗಳು ಹುಟ್ಟುವುದು ಮೇ ಕೊನೆಗೆ, ಜೂನ್‌ಗೆ. ಬಿಡುವುದು ವರ್ಷ ತುಂಬಿದ ಮೇಲೆ: ಅತಿ ಹೆಚ್ಚು ಸಾಯುವ ಕಾಲ ಬೇಲಿಯೊಳಗೇ ಕಳೆದಿರುತ್ತದೆ, ಇನ್ನೂ ತನ್ನದೆಂಬ ನೆಲೆ ಗಟ್ಟಿಯಾಗದ ಕಾರಣ ಕಾಡಿನ ಹಿಂಡಿನ ಹಿಂದೆ ಹೋಗುವ ಸಂಭವವೂ ಹೆಚ್ಚು. ವರ್ಷಕ್ಕೆ 14ರಿಂದ 18 ಎಳೆ ಹೆಣ್ಣುಗಳನ್ನು ಬಿಟ್ಟು, ಹತ್ತು ವರ್ಷದಲ್ಲಿ ಟಾಂಕ್ವಿನ್ ಹಿಂಡನ್ನು 200ಕ್ಕೆ ಮುಟ್ಟಿಸುವುದು ಗುರಿ.

ಆದರೆ ಹಿಂಡನ್ನು ಕುಗ್ಗಿಸಿದ ಕಾರಣಗಳು ಹಾಗೇ ಇದ್ದರೆ ಇದೆಲ್ಲ ತೋಳಕ್ಕೆ ಊಟ ಬಡಿಸಿದಂತೆ. ಜಾಸ್ಪರ್‌ಗೆ 1920ರಲ್ಲಿ ಎಲ್ಕ್ ಎಂಬ ದೊಡ್ಡ ಸಾರಂಗವನ್ನು ತಂದು ಬಿಟ್ಟರು. 1959ರವರೆಗೆ ತೋಳಗಳನ್ನು ಕೊಲ್ಲುತ್ತಿದ್ದರು, ಆಮೇಲೆ ನಿಲ್ಲಿಸಿದರು. ಎಲ್ಕ್ ತಿಂದು ತೋಳ ಹೆಚ್ಚಿತು, ಕ್ಯಾರಿಬೂ ನಡುವೆ ಸಿಕ್ಕಿಬಿತ್ತು. ಆಳ ಹಿಮವೇ ಕ್ಯಾರಿಬೂವಿನ ರಕ್ಷಣೆ; ಸ್ಕೀ ಮಾಡುವವರು ತುಳಿದು ಗಟ್ಟಿಯಾದ ಜಾಡು ತೋಳಕ್ಕೆ ಹೆದ್ದಾರಿ. ಈಗ ಎಲ್ಕ್ ಇಳಿದಿದೆ, 1,000 ಚದರ ಕಿಲೋಮೀಟರಿಗೆ ತೋಳ ಮೂರಕ್ಕಿಂತ ಕಡಿಮೆ ಇರಬೇಕೆಂಬ ಮಿತಿಯನ್ನು ಗಮನಿಸಲಾಗುತ್ತಿದೆ, ಟಾಂಕ್ವಿನ್ ಕಣಿವೆಗೆ ಚಳಿಗಾಲದಲ್ಲಿ ಜನರಿಗೆ ಪ್ರವೇಶವಿಲ್ಲ. ನನ್ನ ಮಟ್ಟಿಗೆ ಬೇಲಿಗಿಂತ ಮೊದಲು ಹಾಕಬೇಕಾದ ಬೀಗ ಅದೇ.

ಈ ಸಂತಾನವೃದ್ಧಿ ಕೇಂದ್ರವನ್ನು ಹೆರಿಗೆ ಆವರಣದೊಂದಿಗೆ ಬೆರೆಸಬಾರದು. ಬ್ರಿಟಿಷ್ ಕೊಲಂಬಿಯಾದ ಕ್ಲಿನ್ಸೆ-ಜಾ ಹಿಂಡಿನಲ್ಲಿ ಮೂಲನಿವಾಸಿ ಸಮುದಾಯಗಳು ಗಬ್ಬದ ಹೆಣ್ಣುಗಳನ್ನು ಕೆಲವೇ ತಿಂಗಳು ಬೇಲಿಯೊಳಗೆ ಕಾದು, ಮರಿಯೊಂದಿಗೆ ಮತ್ತೆ ಬಿಟ್ಟರು. ತೋಳಗಳನ್ನೂ ಕಡಿಮೆ ಮಾಡಿದ್ದರಿಂದ ಹಿಂಡು 2013ರ 38ರಿಂದ 2021ಕ್ಕೆ 101 ಆಯಿತು. ಆದರೆ ಆ ವಿಧಾನದಲ್ಲಿ ಮರಿಗಳ ಸಂಖ್ಯೆ ಕಾಡಿನ ತಾಯಂದಿರ ಸಂಖ್ಯೆಯನ್ನು ಮೀರುವುದಿಲ್ಲ. ಟಾಂಕ್ವಿನ್‌ನ ಹತ್ತನ್ನೂ ಹಾಗೆ ಕಾದು ಹತ್ತೂ ಮರಿ ಉಳಿಸಿದರೂ ವರ್ಷಕ್ಕೆ ಸಿಗುವ ಹೆಣ್ಣು ಐದು.